ಹಣ್ಣಿನ ಒಳಬೀಜ ಮತ್ತು ಸಯನೈಡ್: ಕಹಿ, ಪ್ರಮಾಣ, ಸಂಸ್ಕರಣೆ

ಪೀಠಿಕೆ

ಹಣ್ಣಿನ ತಿರುಳು ಪ್ರಾಣಿಪಕ್ಷಿಗಳಿಗೆ ಸಸ್ಯವು ನೀಡುವ ಆಹ್ವಾನ. ಬೀಜವಾದರೋ ಅದು ತನ್ನ ಮುಂದಿನ ಪೀಳಿಗೆಗಾಗಿ ಕಾಯ್ದಿರಿಸಿಕೊಂಡ ನಿಧಿ. ಆದುದರಿಂದಲೇ ತಿರುಳು ಮೃದುವೂ ಸಿಹಿಯೂ ಆಗಿದ್ದರೆ, ಬೀಜವು ಗಟ್ಟಿ ಚಿಪ್ಪು, ಒಗರು, ಕಹಿ ಹಾಗೂ ಕೆಲವೊಮ್ಮೆ ವಿಷದಿಂದ ರಕ್ಷಿತವಾಗಿರುತ್ತದೆ. ಈ ರಕ್ಷಣೋಪಾಯಗಳಲ್ಲಿ ಸಯನೈಡನ್ನು ಹೊರಸೂಸುವ ವ್ಯವಸ್ಥೆಯು ವಿಶಿಷ್ಟವಾದುದು. ಜರದಾಳು, ಪೀಚ್, ಪ್ಲಮ್, ಚೆರ್ರಿ, ಕಹಿ ಬಾದಾಮಿ, ಸೇಬು, ಮರಸೇಬು ಮೊದಲಾದ ಗುಲಾಬಿ ಕುಟುಂಬದ ಸಸ್ಯಗಳ ಬೀಜಗಳಲ್ಲಿ ಈ ವ್ಯವಸ್ಥೆಯು ಬೇರೆ ಬೇರೆ ಪ್ರಮಾಣದಲ್ಲಿ ಕಂಡುಬರುತ್ತದೆ. ಹಣ್ಣಿನ ನಡುವಿನ ಗಟ್ಟಿ ಚಿಪ್ಪಿನ ಭಾಗವನ್ನು ಓಟೆ ಎಂದೂ, ಅದನ್ನು ಒಡೆದಾಗ ದೊರೆಯುವ ಬಾದಾಮಿಯಂತಹ ಭಾಗವನ್ನು ಒಳಬೀಜವೆಂದೂ ಇಲ್ಲಿ ಕರೆಯಲಾಗಿದೆ.

ಈ ಬೀಜಗಳ ಬಗೆಗೆ ಪರಸ್ಪರ ವಿರುದ್ಧವಾದ ಎರಡು ನಂಬಿಕೆಗಳು ಪ್ರಚಾರದಲ್ಲಿವೆ. ಸೇಬಿನ ಒಂದೆರಡು ಬೀಜಗಳು ಹೊಟ್ಟೆಗೆ ಹೋದರೂ ಪ್ರಾಣಾಪಾಯ ಎಂಬುದು ಮೊದಲನೆಯದು. ಜರದಾಳುವಿನ ಕಹಿ ಒಳಬೀಜವು ಒಂದು ಜೀವಸತ್ವವಾಗಿದ್ದು ಅದರಿಂದ ಅರ್ಬುದ ರೋಗವು ಗುಣವಾಗುತ್ತದೆ ಎಂಬುದು ಎರಡನೆಯದು. ಮೊದಲನೆಯದು ಅನಗತ್ಯವಾದ ಭಯವನ್ನು ಹುಟ್ಟಿಸುತ್ತದೆ. ಎರಡನೆಯದು ನಿಜವಾದ ಸಾವುನೋವಿಗೆ ಕಾರಣವಾಗಿದೆ. ಬೀಜದಲ್ಲಿ ವಿಷವು ಯಾವ ರೂಪದಲ್ಲಿದೆ, ಯಾವ ಸಂದರ್ಭದಲ್ಲಿ ಹೊರಬರುತ್ತದೆ, ಎಷ್ಟು ಪ್ರಮಾಣದಲ್ಲಿ ಅಪಾಯಕಾರಿ ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡದಿರುವುದೇ ಈ ಎರಡೂ ನಂಬಿಕೆಗಳ ಮೂಲ. ಕಹಿಯನ್ನು ಎಚ್ಚರಿಕೆಯೆಂದು ತಿಳಿದು ಅದನ್ನು ಕಳೆಯುವ ಕ್ರಮಗಳನ್ನು ರೂಢಿಸಿಕೊಂಡ ಸಮಾಜಗಳು ಇದೇ ಬೀಜಗಳನ್ನು ಶತಮಾನಗಳಿಂದ ಬಳಸಿಕೊಂಡು ಬಂದಿವೆ. ಆ ಕಹಿಯನ್ನೇ ಔಷಧಿಯೆಂದು ಭ್ರಮಿಸಿದಾಗ ಅಥವಾ ಸಂಸ್ಕರಣೆಯ ಕ್ರಮವು ತಪ್ಪಿದಾಗ ಅನಾಹುತಗಳು ಸಂಭವಿಸಿವೆ. ಪ್ರಸ್ತುತ ಲೇಖನವು ಈ ಅಂಶವನ್ನು ರಸಾಯನಶಾಸ್ತ್ರ, ವೈದ್ಯಕೀಯ ಹಾಗೂ ಆಹಾರ ಪರಂಪರೆಯ ನೆಲೆಗಳಲ್ಲಿ ವಿವೇಚಿಸುತ್ತದೆ.

ಅರಿವಿನ ಇತಿಹಾಸ

ಕಹಿ ಬಾದಾಮಿ ಹಾಗೂ ಅದರ ಸಂಬಂಧಿ ಸಸ್ಯಗಳು ವಿಷಕಾರಿ ಎಂಬ ತಿಳಿವಳಿಕೆಯು ಆ ವಿಷವು ಯಾವುದೆಂದು ತಿಳಿಯುವುದಕ್ಕಿಂತ ಬಹಳ ಹಿಂದಿನದು. ಚೆರ್ರಿ ಲಾರೆಲ್ ಎಂಬ ಗಿಡದ ಎಲೆಗಳನ್ನು ಬಟ್ಟಿಯಿಳಿಸಿ ಪಡೆದ ನೀರನ್ನು 18ನೆಯ ಶತಮಾನದ ಯೂರೋಪಿನಲ್ಲಿ ಪರಿಮಳಕ್ಕಾಗಿ ಅಡುಗೆಯಲ್ಲಿ ಬಳಸುತ್ತಿದ್ದರು. ಇದರ ಸೇವನೆಯಿಂದ ಆ ಶತಮಾನದ ಮೊದಲ ಭಾಗದಲ್ಲಿಯೇ ಡಬ್ಲಿನ್ ನಗರದಲ್ಲಿ ಸಾವುಗಳು ಸಂಭವಿಸಿದ್ದವು. ಇಂಗ್ಲೆಂಡಿನಲ್ಲಿ ಸರ್ ಥಿಯೋಡೋಸಿಯಸ್ ಬೌಟನ್ ಎಂಬ ಯುವಕನಿಗೆ ಇದೇ ನೀರನ್ನು ಕುಡಿಸಿ ಕೊಂದನೆಂಬ ಆರೋಪದ ಮೇಲೆ ಜಾನ್ ಡೊನೆಲನ್ ಎಂಬಾತನನ್ನು 1781ರಲ್ಲಿ ಗಲ್ಲಿಗೇರಿಸಲಾಯಿತು. ವಿಷದ ರಾಸಾಯನಿಕ ಸ್ವರೂಪವು ಆಗ ನ್ಯಾಯಾಲಯಕ್ಕಾಗಲಿ ವೈದ್ಯರಿಗಾಗಲಿ ತಿಳಿದಿರಲಿಲ್ಲ.

ಮರುವರ್ಷ, 1782ರಲ್ಲಿ, ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ ಪ್ರಷ್ಯನ್ ನೀಲಿ ಎಂಬ ಬಣ್ಣದಿಂದ ಒಂದು ಆಮ್ಲವನ್ನು ಬೇರ್ಪಡಿಸಿದನು. ಅದಕ್ಕೆ ಪ್ರಷ್ಯಿಕ್ ಆಮ್ಲ ಎಂಬ ಹೆಸರು ಬಂದಿತು. ಫ್ರಾನ್ಸಿನ ಗೇ-ಲುಸಾಕ್ 1815ರಲ್ಲಿ ಅದು ಹೈಡ್ರೋಜನ್, ಇಂಗಾಲ ಮತ್ತು ಸಾರಜನಕಗಳ ಸಂಯುಕ್ತವೆಂದು ಸ್ಪಷ್ಟಪಡಿಸಿದನು. ಇಂದು ಇದನ್ನು ಹೈಡ್ರೋಜನ್ ಸಯನೈಡ್ ಎಂದು ಕರೆಯುತ್ತಾರೆ. ರೊಬಿಕೆ ಮತ್ತು ಬೂತ್ರೋ-ಶಾರ್ಲಾರ್ ಎಂಬ ಫ್ರೆಂಚ್ ವಿಜ್ಞಾನಿಗಳು 1830ರಲ್ಲಿ ಕಹಿ ಬಾದಾಮಿಯಿಂದ ಬಿಳಿಯ ಹರಳಿನಂತಹ ವಸ್ತುವೊಂದನ್ನು ಪಡೆದು ಅದಕ್ಕೆ ಅಮಿಗ್ಡಾಲಿನ್ ಎಂದು ಹೆಸರಿಸಿದರು. ಬಾದಾಮಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರೇ ಇದಕ್ಕೆ ಮೂಲ.

ನಿರ್ಣಾಯಕವಾದ ಸಂಶೋಧನೆಯು 1837ರಲ್ಲಿ ನಡೆಯಿತು. ಜರ್ಮನಿಯ ಲೀಬಿಗ್ ಮತ್ತು ವೋಲರ್, ಬಾದಾಮಿಯಲ್ಲಿಯೇ ಇರುವ ಇಮಲ್ಸಿನ್ ಎಂಬ ಪದಾರ್ಥವು ಅಮಿಗ್ಡಾಲಿನ್ನನ್ನು ಒಡೆದು ಸಕ್ಕರೆ, ಬೆಂಜಾಲ್ಡಿಹೈಡ್ ಮತ್ತು ಹೈಡ್ರೋಜನ್ ಸಯನೈಡುಗಳನ್ನು ಉಂಟುಮಾಡುವುದನ್ನು ತೋರಿಸಿದರು. ಕಿಣ್ವಗಳ ಅಧ್ಯಯನದ ಆರಂಭದ ಹೆಜ್ಜೆಗಳಲ್ಲಿ ಇದೂ ಒಂದು. ಬೀಜದಲ್ಲಿ ಸಯನೈಡು ಸಿದ್ಧರೂಪದಲ್ಲಿ ಇರುವುದಿಲ್ಲ, ಎರಡು ಪದಾರ್ಥಗಳು ಕೂಡಿದಾಗ ಮಾತ್ರ ಅದು ಹುಟ್ಟುತ್ತದೆ ಎಂಬ ಮೂಲಭೂತ ಅಂಶವು ಇದರಿಂದ ಸ್ಥಾಪಿತವಾಯಿತು.

ಬೀಜದೊಳಗಿನ ವ್ಯವಸ್ಥೆ

ಅಮಿಗ್ಡಾಲಿನ್ ಸಯನೋಜನಿಕ್ ಗ್ಲೈಕೋಸೈಡುಗಳೆಂಬ ವರ್ಗಕ್ಕೆ ಸೇರಿದ ಸಂಯುಕ್ತ. ಸಯನೈಡ್ ಗುಂಪನ್ನು ಹೊತ್ತ ಅಣುವೊಂದಕ್ಕೆ ಸಕ್ಕರೆಯ ಅಣುಗಳು ಜೋಡಿಕೊಂಡಿರುವುದು ಈ ವರ್ಗದ ಲಕ್ಷಣ. ಸಕ್ಕರೆಯು ಜೋಡಿಕೊಂಡಿರುವವರೆಗೆ ಅದು ಸ್ಥಿರವಾಗಿರುತ್ತದೆ. ಕಿಣ್ವವು ಮೊದಲು ಒಂದು ಗ್ಲೂಕೋಸನ್ನು ಕಳಚಿದಾಗ ಪ್ರುನಾಸಿನ್ ಎಂಬ ಸಂಯುಕ್ತವೂ, ಮತ್ತೊಂದು ಗ್ಲೂಕೋಸು ಕಳಚಿದಾಗ ಮ್ಯಾಂಡೆಲೊನೈಟ್ರೈಲ್ ಎಂಬ ಅಸ್ಥಿರ ಸಂಯುಕ್ತವೂ ದೊರೆಯುತ್ತವೆ. ಇದು ಕೊನೆಗೆ ಬೆಂಜಾಲ್ಡಿಹೈಡ್ ಮತ್ತು ಹೈಡ್ರೋಜನ್ ಸಯನೈಡುಗಳಾಗಿ ಒಡೆಯುತ್ತದೆ.

ಅಖಂಡವಾದ ಬೀಜದಲ್ಲಿ ಅಮಿಗ್ಡಾಲಿನ್ ಒಂದೆಡೆ, ಅದನ್ನು ಒಡೆಯುವ ಕಿಣ್ವಗಳು ಮತ್ತೊಂದೆಡೆ ಇರುತ್ತವೆ. ಅಮೆರಿಕದ ಕಪ್ಪು ಚೆರ್ರಿಯ ಬೀಜಗಳನ್ನು ಕುರಿತು 1992ರಲ್ಲಿ ಪ್ರಕಟವಾದ ಅಧ್ಯಯನವು, ಅಮಿಗ್ಡಾಲಿನ್ ಬೀಜದಳದ ಸಾಮಾನ್ಯ ಜೀವಕೋಶಗಳಲ್ಲಿಯೂ ಕಿಣ್ವಗಳು ನಾಳ ಅಂಗಾಂಶದ ಭಾಗದಲ್ಲಿಯೂ ಪ್ರತ್ಯೇಕವಾಗಿ ಇರುವುದನ್ನು ತೋರಿಸಿತು. ಬೀಜವನ್ನು ಅಗಿದಾಗ, ಕುಟ್ಟಿದಾಗ ಅಥವಾ ಅರೆದಾಗ ಈ ಬೇಲಿಯು ಮುರಿದು ಎರಡೂ ಬೆರೆಯುತ್ತವೆ. ನೀರಿನ ಅಂಶವಿದ್ದಲ್ಲಿ ಸಯನೈಡಿನ ಉತ್ಪತ್ತಿಯು ಕೂಡಲೇ ಆರಂಭವಾಗುತ್ತದೆ. ಬೀಜವನ್ನು ತಿನ್ನಲು ಬಂದ ಕೀಟಕ್ಕೋ ಇಲಿಗೋ ಅದರ ಮೊದಲ ಕಡಿತದಲ್ಲಿಯೇ ಶಿಕ್ಷೆಯು ದೊರೆಯುವಂತಹ ಏರ್ಪಾಡು ಇದು. ಇಡಿಯಾಗಿ ನುಂಗಿದ ಸೇಬಿನ ಬೀಜವು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಮಾಡದೆ ಹೊರಹೋಗುವುದಕ್ಕೂ, ಅಷ್ಟೇ ಬೀಜಗಳನ್ನು ನುಣ್ಣಗೆ ಅರೆದಾಗ ಅವುಗಳ ಗುಣವು ಬದಲಾಗುವುದಕ್ಕೂ ಇದೇ ಕಾರಣ.

ಬಾದಾಮಿಯ ಎಣ್ಣೆಯಂತಹ ಪರಿಮಳವು ಬೆಂಜಾಲ್ಡಿಹೈಡಿನದು. ಸಯನೈಡಿಗೂ ಅದನ್ನು ಹೋಲುವ ವಾಸನೆಯಿದೆಯೆಂದು ಹೇಳಲಾಗುತ್ತದೆಯಾದರೂ ಅದನ್ನು ಗುರುತಿಸುವ ಶಕ್ತಿಯು ಎಲ್ಲರಿಗೂ ಇರುವುದಿಲ್ಲ. ಇದು ಆನುವಂಶಿಕವಾಗಿ ವ್ಯತ್ಯಾಸವಾಗುವ ಗುಣ. ಆದುದರಿಂದ ವಾಸನೆಯಿಲ್ಲವೆಂಬ ಕಾರಣದಿಂದ ವಿಷವಿಲ್ಲವೆಂದು ವೈದ್ಯರಾಗಲಿ ಮರಣೋತ್ತರ ಪರೀಕ್ಷಕರಾಗಲಿ ತೀರ್ಮಾನಿಸುವುದು ಸರಿಯಲ್ಲ.

ಒಂದೇ ಜಾತಿಯ ಸಸ್ಯದಲ್ಲಿ ಸಿಹಿ ಮತ್ತು ಕಹಿ ಎಂಬ ಎರಡು ಬಗೆಗಳಿರುವುದು ಇನ್ನೊಂದು ಗಮನಾರ್ಹ ಸಂಗತಿ. ಕಾಡು ಬಾದಾಮಿ ಮರಗಳ ಬೀಜವು ಸಾಮಾನ್ಯವಾಗಿ ಕಹಿ. ಅಮಿಗ್ಡಾಲಿನ್ ತಯಾರಿಕೆಗೆ ಬೇಕಾದ ವಂಶವಾಹಿಗಳನ್ನು ಚಾಲನೆಗೊಳಿಸುವ ನಿಯಂತ್ರಕ ವಂಶವಾಹಿಯೊಂದರಲ್ಲಿ ಉಂಟಾದ ಉತ್ಪರಿವರ್ತನೆಯಿಂದ ಸಿಹಿ ಬಾದಾಮಿ ದೊರೆಯಿತೆಂಬುದನ್ನು 2019ರಲ್ಲಿ ಪ್ರಕಟವಾದ ಬಾದಾಮಿಯ ಜೀನೋಮ್ ಅಧ್ಯಯನವು ತಿಳಿಸಿಕೊಟ್ಟಿತು. ಕಹಿಯಿಲ್ಲದ ಮರವನ್ನು ನಾಲಗೆಯಿಂದಲೇ ಗುರುತಿಸಿ, ಅದರ ಬೀಜವನ್ನು ಬಿತ್ತಿ ಬೆಳೆಸಿದ ಪ್ರಾಚೀನ ಕೃಷಿಕರ ಆಯ್ಕೆಯ ಫಲವನ್ನೇ ಇಂದು ಜಗತ್ತು ತಿನ್ನುತ್ತಿದೆ. ಟ್ಯುನೀಷಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಹಿ ಬಾದಾಮಿಯ ಪ್ರತಿ ಕಿಲೋಗ್ರಾಂಗೆ ಸುಮಾರು 1,060 ಮಿ.ಗ್ರಾಂ. ಸಯನೈಡು ಕಂಡುಬಂದರೆ ಸಿಹಿ ಬಾದಾಮಿಯಲ್ಲಿ ಕಂಡುಬಂದುದು ಸುಮಾರು 25 ಮಿ.ಗ್ರಾಂ. ಮಾತ್ರ. ಈ ಅಂತರವನ್ನು ನಾಲಗೆಯು ಕಹಿಯಾಗಿ ಗ್ರಹಿಸುತ್ತದೆ.

ದೇಹದಲ್ಲಿ ಸಯನೈಡಿನ ಕಾರ್ಯ

ಸಯನೈಡು ರಕ್ತದ ಮೂಲಕ ಜೀವಕೋಶಗಳನ್ನು ಸೇರಿ, ಮೈಟೊಕಾಂಡ್ರಿಯಗಳಲ್ಲಿರುವ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವದ ಕಬ್ಬಿಣದ ಅಂಶಕ್ಕೆ ಅಂಟಿಕೊಳ್ಳುತ್ತದೆ. ಈ ಕಿಣ್ವವು ಆಮ್ಲಜನಕವನ್ನು ಉಪಯೋಗಿಸಿಕೊಳ್ಳುವ ಉಸಿರಾಟ ಸರಪಳಿಯ ಕೊನೆಯ ಕೊಂಡಿ. ಅದು ನಿಷ್ಕ್ರಿಯವಾದಾಗ, ಶ್ವಾಸಕೋಶಕ್ಕೆ ಗಾಳಿಯು ಬರುತ್ತಿದ್ದರೂ ರಕ್ತದಲ್ಲಿ ಆಮ್ಲಜನಕವು ತುಂಬಿದ್ದರೂ ಜೀವಕೋಶವು ಅದನ್ನು ಬಳಸಲಾರದು. ಅಭಿಧಮನಿಗಳ ರಕ್ತವೂ ಕಡುಕೆಂಪಾಗಿ ಉಳಿಯುವುದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವು ಏರುವುದು ಈ ಸ್ಥಿತಿಯ ಫಲಗಳು. ಆಮ್ಲಜನಕದ ಅವಶ್ಯಕತೆ ಹೆಚ್ಚಿರುವ ಮೆದುಳು ಮತ್ತು ಹೃದಯಗಳು ಮೊದಲು ಪೀಡಿತವಾಗುತ್ತವೆ. ತಲೆನೋವು, ತಲೆಸುತ್ತು, ವಾಕರಿಕೆ, ವಾಂತಿ, ಉಸಿರಾಟದ ವೇಗ, ಗೊಂದಲ ಇವು ಮೊದಲ ಲಕ್ಷಣಗಳು. ಪ್ರಮಾಣವು ಹೆಚ್ಚಾದಲ್ಲಿ ಸೆಳವು, ಪ್ರಜ್ಞಾಹೀನತೆ ಮತ್ತು ಸಾವು ಅನುಕ್ರಮವಾಗಿ ಒದಗಬಹುದು.

ದೇಹಕ್ಕೆ ಸಯನೈಡನ್ನು ನಿಭಾಯಿಸುವ ಸ್ವಂತ ಶಕ್ತಿಯೂ ಉಂಟು. ಕೊನ್ರಾಡ್ ಲಾಂಗ್ 1933ರಲ್ಲಿ ವಿವರಿಸಿದ ರೊಡನೀಸ್ ಎಂಬ ಕಿಣ್ವವು ಗಂಧಕದ ಅಂಶವನ್ನು ಸಯನೈಡಿಗೆ ಜೋಡಿಸಿ, ಅದನ್ನು ಬಹಳ ಕಡಿಮೆ ವಿಷಗುಣದ ಥಯೋಸಯನೇಟನ್ನಾಗಿ ಮಾರ್ಪಡಿಸುತ್ತದೆ. ಅದು ಮೂತ್ರದಲ್ಲಿ ವಿಸರ್ಜನೆಯಾಗುತ್ತದೆ. ಆದರೆ ಈ ಕ್ರಿಯೆಯ ವೇಗವು ದೇಹದಲ್ಲಿ ಲಭ್ಯವಿರುವ ಗಂಧಕದ ಪೂರೈಕೆಯನ್ನು ಅವಲಂಬಿಸಿದೆ. ನಿಧಾನವಾಗಿ ಬರುವ ಅಲ್ಪ ಪ್ರಮಾಣವನ್ನು ದೇಹವು ತಾಳಿಕೊಳ್ಳುತ್ತದೆ. ಒಮ್ಮೆಗೇ ಬರುವ ಹೆಚ್ಚಿನ ಪ್ರಮಾಣದ ಮುಂದೆ ಸೋಲುತ್ತದೆ. ಮಾಂಸಜನಕದ ಕೊರತೆಯಿರುವವರಲ್ಲಿ ಈ ಶಕ್ತಿಯು ಇನ್ನೂ ಕುಗ್ಗಿರುತ್ತದೆ.

ಬೀಜವನ್ನು ಕಾಯಿಸಿ ಅದರ ಕಿಣ್ವವನ್ನು ನಾಶಪಡಿಸಿದರೂ ಅಮಿಗ್ಡಾಲಿನ್ ಉಳಿದಿದ್ದರೆ ಅಪಾಯವು ಪೂರ್ಣವಾಗಿ ನಿವಾರಣೆಯಾಗುವುದಿಲ್ಲ. ಮನುಷ್ಯನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅಂತಹುದೇ ಕಿಣ್ವಗಳನ್ನು ಹೊಂದಿದ್ದು ಅಮಿಗ್ಡಾಲಿನ್ನನ್ನು ಒಡೆಯಬಲ್ಲವು. ರಕ್ತನಾಳಕ್ಕೆ ನೇರವಾಗಿ ಕೊಟ್ಟ ಅಮಿಗ್ಡಾಲಿನ್ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಹೋದರೆ, ಬಾಯಿಯ ಮೂಲಕ ಸೇವಿಸಿದುದು ಹೆಚ್ಚು ವಿಷಕಾರಿಯಾಗುವುದು ಈ ಕಾರಣದಿಂದಲೇ. ವಿಷದ ಲಕ್ಷಣಗಳು ಕೆಲವೊಮ್ಮೆ ಸೇವನೆಯ ಒಂದೆರಡು ಗಂಟೆಗಳ ನಂತರ ತಲೆದೋರುವುದಕ್ಕೂ ಇದು ಒಂದು ವಿವರಣೆ.

ಪ್ರಮಾಣದ ಲೆಕ್ಕ

ಬಾಯಿಯ ಮೂಲಕ ಸೇವಿಸಿದ ಸಯನೈಡು ಮನುಷ್ಯನ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.5ರಿಂದ 3.5 ಮಿ.ಗ್ರಾಂ. ಪ್ರಮಾಣದಲ್ಲಿ ಮಾರಕವಾಗಬಲ್ಲದೆಂದು ವಿಷವಿಜ್ಞಾನದ ಗ್ರಂಥಗಳು ಹೇಳುತ್ತವೆ. 60 ಕಿಲೋಗ್ರಾಂ ತೂಕದ ವಯಸ್ಕನಿಗೆ ಇದು ಕನಿಷ್ಠ 30 ಮಿ.ಗ್ರಾಂ. ಆದರೆ, 12 ಕಿಲೋಗ್ರಾಂ ತೂಕದ ಮಗುವಿಗೆ ಕೇವಲ 6 ಮಿ.ಗ್ರಾಂ. ಒಂದು ಗ್ರಾಂ ಅಮಿಗ್ಡಾಲಿನ್ ಪೂರ್ಣವಾಗಿ ಒಡೆದಾಗ ಸುಮಾರು 59 ಮಿ.ಗ್ರಾಂ. ಹೈಡ್ರೋಜನ್ ಸಯನೈಡು ದೊರೆಯುತ್ತದೆ.

ವಿವಿಧ ಬೀಜಗಳಲ್ಲಿನ ಸಯನೈಡನ್ನು ಅಳೆದ 1984ರ ಅಧ್ಯಯನವೊಂದರ ಪ್ರಕಾರ ಜರದಾಳುವಿನ ಒಳಬೀಜದ ಪ್ರತಿ ಗ್ರಾಂನಲ್ಲಿ ಸರಾಸರಿ 2.92 ಮಿ.ಗ್ರಾಂ., ಪೀಚಿನಲ್ಲಿ 2.60 ಮಿ.ಗ್ರಾಂ., ಸೇಬಿನ ಬೀಜದಲ್ಲಿ 0.61 ಮಿ.ಗ್ರಾಂ. ಇದ್ದಿತು. ತಳಿ, ಪ್ರದೇಶ ಮತ್ತು ಬಲಿತ ಮಟ್ಟವನ್ನು ಅನುಸರಿಸಿ ಈ ಅಂಕಿಗಳು ಬಹಳ ವ್ಯತ್ಯಾಸವಾಗುತ್ತವೆ. ಆದರೂ ತುಲನೆಗೆ ಅವು ಉಪಯುಕ್ತ. ಸೇಬಿನ ಒಂದು ಬೀಜದ ತೂಕವು ಒಂದು ಗ್ರಾಂನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಮೇಲಿನ ಲೆಕ್ಕದಂತೆ 30 ಮಿ.ಗ್ರಾಂ. ಸಯನೈಡು ದೊರೆಯಬೇಕಾದರೆ ಸುಮಾರು 50 ಗ್ರಾಂ ಬೀಜ ಬೇಕು. ಎಂದರೆ 500ಕ್ಕೂ ಹೆಚ್ಚು ಬೀಜಗಳನ್ನು ಒಮ್ಮೆಗೇ ಚೆನ್ನಾಗಿ ಅಗಿದು ತಿನ್ನಬೇಕು. ಸೇಬನ್ನು ತಿನ್ನುವಾಗ ಒಂದೆರಡು ಬೀಜಗಳು ಬಾಯಿಗೆ ಬಂದರೆ ಗಾಬರಿಪಡಬೇಕಾದುದಿಲ್ಲ.

ಜರದಾಳುವಿನ ಕಹಿ ಒಳಬೀಜದ ಲೆಕ್ಕವು ಹೀಗಿಲ್ಲ. ಅರ್ಧ ಗ್ರಾಂ ತೂಗುವ ಒಂದು ಒಳಬೀಜದಿಂದ ಸುಮಾರು 1.5 ಮಿ.ಗ್ರಾಂ. ಸಯನೈಡು ದೊರೆಯುವುದೆಂದು ಇಟ್ಟುಕೊಂಡರೆ, ವಯಸ್ಕನಿಗೆ 20 ಒಳಬೀಜಗಳೂ 12 ಕಿಲೋಗ್ರಾಂ ತೂಕದ ಮಗುವಿಗೆ ಕೇವಲ 4 ಒಳಬೀಜಗಳೂ ಮಾರಕ ಪ್ರಮಾಣದ ಕೆಳಗಿನ ಅಂಚನ್ನು ಮುಟ್ಟುತ್ತವೆ. ವೈದ್ಯಕೀಯ ವರದಿಗಳು ಈ ಲೆಕ್ಕವನ್ನು ಸಮರ್ಥಿಸುತ್ತವೆ. ಅಮೆರಿಕದಲ್ಲಿ 41 ವರ್ಷದ ಮಹಿಳೆಯೊಬ್ಬರು ಆರೋಗ್ಯ ಆಹಾರದ ಅಂಗಡಿಯಿಂದ ಕೊಂಡ ಸುಮಾರು 30 ಒಳಬೀಜಗಳನ್ನು ತಿಂದು ಪ್ರಜ್ಞಾಹೀನರಾದ ಪ್ರಕರಣವು 1998ರಲ್ಲಿ ಪ್ರಕಟವಾಗಿದೆ. ಪ್ರತಿವಿಷದ ಚಿಕಿತ್ಸೆಯಿಂದ ಅವರು ಬದುಕುಳಿದರು. ಜರದಾಳು ಹೇರಳವಾಗಿ ಬೆಳೆಯುವ ತುರ್ಕಿಯಲ್ಲಿ ಮಕ್ಕಳು ಓಟೆಗಳನ್ನು ಒಡೆದು ಒಳಬೀಜಗಳನ್ನು ತಿನ್ನುವುದರಿಂದ ಇಂತಹ ಪ್ರಕರಣಗಳು ಮರುಕಳಿಸುತ್ತವೆ. ಕೈಸೇರಿ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2005ರಿಂದ 2009ರ ಅವಧಿಯಲ್ಲಿ ಇಂತಹ 13 ಮಕ್ಕಳು ತೀವ್ರ ನಿಗಾ ಘಟಕಕ್ಕೆ ದಾಖಲಾದುದು ವರದಿಯಾಗಿದೆ.

ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ, ಒಮ್ಮೆಗೆ ಸೇವಿಸಬಹುದಾದ ಸಯನೈಡಿನ ಸುರಕ್ಷಿತ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 20 ಮೈಕ್ರೋಗ್ರಾಂ ಎಂದು ನಿಗದಿಪಡಿಸಿತು. ಅದರ ಲೆಕ್ಕದಂತೆ ಮೂರಕ್ಕಿಂತ ಹೆಚ್ಚು ಸಣ್ಣ ಒಳಬೀಜಗಳು ವಯಸ್ಕರಲ್ಲಿ ಈ ಮಿತಿಯನ್ನು ಮೀರಬಲ್ಲವು. ಎಳೆಯ ಮಕ್ಕಳಲ್ಲಿ ಒಂದೇ ಸಣ್ಣ ಒಳಬೀಜವು ಮೀರಬಲ್ಲದು. ಸುರಕ್ಷಿತ ಮಿತಿಯೂ ಮಾರಕ ಪ್ರಮಾಣವೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಇವೆರಡರ ನಡುವೆ ಅಂತರವಿರುವಂತೆ ಮಿತಿಯನ್ನು ಉದ್ದೇಶಪೂರ್ವಕವಾಗಿಯೇ ಕೆಳಮಟ್ಟದಲ್ಲಿ ಇರಿಸಲಾಗುತ್ತದೆ.

ಸಂಸ್ಕರಣೆಯ ಪರಂಪರೆ

ಕಹಿ ಬೀಜಗಳನ್ನು ಬಳಸುವ ಸಮಾಜಗಳಲ್ಲಿ ರೂಢಿಗೆ ಬಂದ ಕ್ರಮಗಳು ಮೂರು ತತ್ತ್ವಗಳನ್ನು ಆಧರಿಸಿವೆ. ಅಮಿಗ್ಡಾಲಿನ್ ನೀರಿನಲ್ಲಿ ಕರಗುತ್ತದೆ. ಕಿಣ್ವವು ಶಾಖದಿಂದ ನಾಶವಾಗುತ್ತದೆ. ಹೈಡ್ರೋಜನ್ ಸಯನೈಡು ಸುಮಾರು 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿದು ಆವಿಯಾಗುತ್ತದೆ. ಚೀನಾದ ವೈದ್ಯಪದ್ಧತಿಯಲ್ಲಿ ಕೆಮ್ಮಿಗೆ ಬಳಸುವ ಕಹಿ ಜರದಾಳು ಬೀಜವನ್ನು ಕುದಿಯುವ ನೀರಿನಲ್ಲಿ ಅದ್ದಿ ಸಿಪ್ಪೆ ತೆಗೆಯುವ ಕ್ರಮವಿದೆ. ಅದರ ಬಳಕೆಯೂ ಅಳತೆಗೆ ಒಳಪಟ್ಟುದು. ಜರ್ಮನಿಯಲ್ಲಿ ಪೆರ್ಸಿಪಾನ್ ಎಂಬ ಸಿಹಿತಿನಿಸಿಗೆ ಕಹಿಯನ್ನು ಕಳೆದ ಜರದಾಳು ಒಳಬೀಜಗಳನ್ನೇ ಬಳಸುತ್ತಾರೆ.

ಭಾರತದಲ್ಲಿ ಲಡಾಖ್ ಈ ದೃಷ್ಟಿಯಿಂದ ಮುಖ್ಯವಾದ ಪ್ರದೇಶ. ಅಲ್ಲಿನ ಜನರು ಜರದಾಳು ಮರಗಳನ್ನು ಸಿಹಿ ಒಳಬೀಜದವು, ಕಹಿ ಒಳಬೀಜದವು ಎಂದು ಸ್ಪಷ್ಟವಾಗಿ ವಿಂಗಡಿಸುತ್ತಾರೆ. 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದ ರಕ್ತ್ಸೇ ಕಾರ್ಪೊ ಎಂಬ ತಳಿಯ ಹೆಸರಿಗೆ ಬಿಳಿಯ ಬೀಜ ಎಂದೇ ಅರ್ಥ. ಅದರ ಒಳಬೀಜವು ಸಿಹಿಯಾದುದು. ಸಿಹಿ ಒಳಬೀಜಗಳನ್ನು ತಿನ್ನಲು ಇಟ್ಟುಕೊಂಡು ಕಹಿಯವನ್ನು ಎಣ್ಣೆಗೆ ಬಳಸುವುದು ರೂಢಿ. ಒಳಬೀಜವನ್ನು ಅರೆದು ಬಿಸಿನೀರನ್ನು ಚಿಮುಕಿಸಿ ನಾದಿ ಎಣ್ಣೆಯನ್ನು ಹಿಂಡಿದಾಗ, ನೀರಿನಲ್ಲಿ ಕರಗುವ ಅಮಿಗ್ಡಾಲಿನ್ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಮಾಚಲ ಪ್ರದೇಶದ ಚೂಲಿ ಎಣ್ಣೆಯೂ ಇಂತಹುದೇ. ಇಲ್ಲಿ ವಿಷದ ಹೆಸರು ತಿಳಿಯದಿದ್ದರೂ ಅದರ ನಡತೆಯನ್ನು ಅರಿತ ಜ್ಞಾನವು ಕೆಲಸ ಮಾಡಿದೆ.

ಈ ಕ್ರಮವು ಮುರಿದಾಗ ಏನಾಗುವುದೆಂಬುದಕ್ಕೆ, ಬೀಜವಲ್ಲದಿದ್ದರೂ ಇದೇ ವಿಷವರ್ಗವನ್ನು ಹೊಂದಿರುವ ಮರಗೆಣಸು ಗಂಭೀರವಾದ ನಿದರ್ಶನವನ್ನು ಒದಗಿಸುತ್ತದೆ. ಮೊಜಾಂಬಿಕ್ ದೇಶದ ನಾಂಪುಲಾ ಪ್ರಾಂತ್ಯದಲ್ಲಿ 1981ರ ಬರಗಾಲದ ಸಮಯದಲ್ಲಿ ಕಾಲುಗಳು ಶಾಶ್ವತವಾಗಿ ಸೆಟೆದುಕೊಳ್ಳುವ ಕೊಂಜೊ ಎಂಬ ರೋಗವು 1,100ಕ್ಕೂ ಹೆಚ್ಚು ಜನರನ್ನು ಪೀಡಿಸಿತು. ಕಹಿ ಮರಗೆಣಸನ್ನು ಬಿಸಿಲಿನಲ್ಲಿ ದೀರ್ಘಕಾಲ ಒಣಗಿಸುವ ವಾಡಿಕೆಯನ್ನು ಹಸಿದ ಜನರು ಪಾಲಿಸಲಾಗಲಿಲ್ಲ. ಜೊತೆಗೆ ಅವರ ಊಟದಲ್ಲಿ ಗಂಧಕವನ್ನು ಒದಗಿಸುವ ಮಾಂಸಜನಕವೂ ಇರಲಿಲ್ಲ.

ಕರ್ನಾಟಕದ ಸಂದರ್ಭ

ಜರದಾಳು, ಬಾದಾಮಿಗಳು ಕರ್ನಾಟಕದ ಬೆಳೆಗಳಲ್ಲ. ಅವು ವ್ಯಾಪಾರದ ಮೂಲಕ ಬಂದವು. ಜರದಾಳು ಎಂಬ ಹೆಸರೇ ಹಳದಿ ಪ್ಲಮ್ ಎಂಬ ಅರ್ಥದ ಪಾರಸಿ ಶಬ್ದದಿಂದ ಬಂದಿದೆ. ಒಣ ಜರದಾಳುವನ್ನು ನೆನೆಸಿ ಬೇಯಿಸಿ ಮಾಡುವ ಹೈದರಾಬಾದಿನ ಪ್ರಸಿದ್ಧ ಸಿಹಿಯಲ್ಲಿ ಓಟೆಯನ್ನು ಒಡೆದು ತೆಗೆದ ಒಳಬೀಜಗಳನ್ನು ಮೇಲೆ ಉದುರಿಸುವುದುಂಟು. ಇದಕ್ಕೆ ಸಿಹಿ ಒಳಬೀಜಗಳೇ ಯೋಗ್ಯ, ಕಹಿಯಾದುದನ್ನು ತೆಗೆದುಹಾಕಬೇಕು. ಬಾದಾಮಿಯನ್ನು ತಿನ್ನುವಾಗ ಅಪರೂಪಕ್ಕೆ ಬಾಯಿಗೆ ಬರುವ ಒಂದು ಕಹಿ ಬೀಜವನ್ನು ಉಗುಳಿಬಿಡುವ ಸಹಜ ಪ್ರವೃತ್ತಿಯು ಸರಿಯಾದುದೇ.

ರಾಜ್ಯದ ಬೀದಿಬದಿಗಳಲ್ಲಿ ಬೆಳೆಯುವ, ಮಕ್ಕಳು ಕಲ್ಲಿನಿಂದ ಕುಟ್ಟಿ ಬೀಜ ತಿನ್ನುವ ಅಗಲ ಎಲೆಯ ಮರವನ್ನೂ ಕಾಡುಬಾದಾಮಿ ಎಂದು ಕರೆಯುವುದರಿಂದ ಗೊಂದಲಕ್ಕೆ ಅವಕಾಶವಿದೆ. ಅದು ಬೇರೆಯೇ ಕುಟುಂಬದ ಸಸ್ಯ. ಅಮಿಗ್ಡಾಲಿನ್ ಕುರಿತ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಹಾಗೆಯೇ ಕಾಡುಹರಳಿನ ಬೀಜಗಳನ್ನು ತಿಂದು ಮಕ್ಕಳು ಆಸ್ಪತ್ರೆಗೆ ಸೇರುವ ಪ್ರಕರಣಗಳಲ್ಲಿ ವಿಷಕ್ಕೆ ಕಾರಣವಾದುದು ಸಯನೈಡಲ್ಲ, ಬೇರೆ ಬಗೆಯ ಸಂಯುಕ್ತಗಳು. ಚಿಕಿತ್ಸೆಯು ಭಿನ್ನವಾಗುವುದರಿಂದ ಯಾವ ಬೀಜವನ್ನು ತಿಂದರೆಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಕನ್ನಡ ನಾಡಿನ ಕೃಷಿಕರಿಗೆ ಸಯನೈಡಿನ ನಿಜವಾದ ಪರಿಚಯವಿರುವುದು ಜೋಳದ ಮೂಲಕ. ಎಳೆಯ ಜೋಳದ ಪೈರಿನಲ್ಲಿ ಧುರಿನ್ ಎಂಬ ಸಯನೋಜನಿಕ್ ಗ್ಲೈಕೋಸೈಡ್ ಇದೆ. ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿಯೂ ಕೂಳೆಯಲ್ಲಿ ಹೊಸದಾಗಿ ಚಿಗುರಿದ ಎಲೆಗಳಲ್ಲಿಯೂ ಅದರ ಪ್ರಮಾಣವು ಹೆಚ್ಚು. ಹಸಿದ ದನಗಳು ಇಂತಹ ಹೊಲಕ್ಕೆ ನುಗ್ಗಿ ಮೇಯ್ದರೆ ಅಲ್ಪಕಾಲದಲ್ಲಿಯೇ ಉಬ್ಬಸಗೊಂಡು ಬಿದ್ದು ಸಾಯುವುದನ್ನು ಉತ್ತರ ಕರ್ನಾಟಕದ ರೈತರು ಬಲ್ಲರು. ಬೆಳೆದು ನಿಂತ ದಂಟಿನ ಒಣಮೇವಿನಲ್ಲಾಗಲಿ ಬಲಿತ ಕಾಳಿನಲ್ಲಾಗಲಿ ಈ ಅಪಾಯವು ಇಲ್ಲವೆನ್ನುವಷ್ಟು ಕಡಿಮೆ. ಎಳೆಯ ಪೈರಿನ ಬಳಿ ದನವನ್ನು ಬಿಡಬಾರದೆಂಬ ಎಚ್ಚರಿಕೆಯು ಈ ಅನುಭವದಿಂದಲೇ ಹುಟ್ಟಿದುದು.

ಅಗಸೆಯೂ ಇಂತಹ ಗ್ಲೈಕೋಸೈಡುಗಳನ್ನು ಹೊಂದಿರುವ ಬೀಜ. ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯಲ್ಲಿ ಬೀಜವನ್ನು ಮೊದಲು ಹುರಿಯುತ್ತಾರೆ. ಊಟದಲ್ಲಿ ಅದು ನಂಜಿಕೊಳ್ಳುವಷ್ಟು ಮಾತ್ರ ಇರುತ್ತದೆ. ಹುರಿಯುವಿಕೆಯಿಂದ ಕಿಣ್ವದ ಶಕ್ತಿಯು ಕುಂದುತ್ತದೆ. ಪ್ರಮಾಣವು ರೂಢಿಯಿಂದಲೇ ನಿಯಂತ್ರಿತವಾಗಿದೆ. ಹಸಿ ಅಗಸೆಯನ್ನು ಪುಡಿಮಾಡಿ ಹೆಚ್ಚಿನ ಪ್ರಮಾಣದಲ್ಲಿ ಒಮ್ಮೆಗೇ ಸೇವಿಸುವುದು ಈ ಪರಂಪರೆಯ ಭಾಗವಲ್ಲ.

'ಬಿ17' ಎಂಬ ಹೆಸರು

ಒಳಬೀಜದ ವಿಷಬಾಧೆಯ ಆಧುನಿಕ ಇತಿಹಾಸದಲ್ಲಿ ಅತ್ಯಂತ ದುಃಖಕರವಾದ ಅಧ್ಯಾಯವು ಲೇಟ್ರಿಲ್ ಎಂಬ ಪದಾರ್ಥಕ್ಕೆ ಸಂಬಂಧಿಸಿದುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1950ರ ದಶಕದಲ್ಲಿ ಅರ್ನ್‌ಸ್ಟ್ ಕ್ರೆಬ್ಸ್ ಎಂಬ ಹೆಸರಿನ ತಂದೆ ಮತ್ತು ಮಗ ಇದನ್ನು ಅರ್ಬುದ ರೋಗದ ಚಿಕಿತ್ಸೆಯೆಂದು ಪ್ರಚುರಪಡಿಸಿದರು. ಮುಂದೆ ಮಗನು ಇದನ್ನು 'ಜೀವಸತ್ವ ಬಿ17' ಎಂದು ಕರೆದನು. ಜೀವಸತ್ವವೆಂದರೆ ದೇಹಕ್ಕೆ ಅಗತ್ಯವಾದ, ಅದರ ಕೊರತೆಯಿಂದ ನಿರ್ದಿಷ್ಟ ರೋಗವು ಉಂಟಾಗುವ ಪದಾರ್ಥ. ಅಮಿಗ್ಡಾಲಿನ್ ಸೇವಿಸದೆ ಯಾರಿಗೂ ಯಾವ ಕೊರತೆಯ ರೋಗವೂ ಬಂದುದಿಲ್ಲ. ಆದುದರಿಂದ ಈ ಹೆಸರಿಗೆ ವೈಜ್ಞಾನಿಕ ಆಧಾರವಿಲ್ಲ. ಔಷಧಿಯ ನಿಯಮಗಳಿಂದ ತಪ್ಪಿಸಿಕೊಂಡು ಆಹಾರದ ಹೆಸರಿನಲ್ಲಿ ಮಾರಲು ಅದು ಅನುಕೂಲವಾಯಿತು.

1978ರ ವೇಳೆಗೆ ಅಮೆರಿಕದಲ್ಲಿ 70,000ಕ್ಕೂ ಹೆಚ್ಚು ಜನರು ಇದನ್ನು ಬಳಸಿದ್ದರೆಂದು ವರದಿಯಾಗಿತ್ತು. ಹಲವು ರಾಜ್ಯಗಳು ಇದರ ಬಳಕೆಗೆ ಅವಕಾಶ ನೀಡಿದ್ದವು. ಸಾವಿನ ಅಂಚಿನಲ್ಲಿರುವ ರೋಗಿಗಳಿಗೂ ಔಷಧ ಸುರಕ್ಷತೆಯ ಕಾನೂನು ಅನ್ವಯಿಸುತ್ತದೆಯೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ತೀರ್ಪಿತ್ತಿತು. ಇದಕ್ಕೆ ಎರಡು ವರ್ಷ ಮೊದಲು, ತಂದೆಗಾಗಿ ಮನೆಯಲ್ಲಿ ಇಟ್ಟಿದ್ದ ಈ ಮಾತ್ರೆಗಳನ್ನು ನುಂಗಿ 11 ತಿಂಗಳ ಹೆಣ್ಣುಮಗುವೊಂದು ಸಯನೈಡ್ ವಿಷದಿಂದ ಸತ್ತ ಪ್ರಕರಣವು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿತ್ತು.

ಮೇಯೊ ಕ್ಲಿನಿಕ್ಕಿನ ಚಾರ್ಲ್ಸ್ ಮೋರ್ಟೆಲ್ ಅವರ ನೇತೃತ್ವದಲ್ಲಿ 178 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವು 1982ರಲ್ಲಿ ಪ್ರಕಟವಾಯಿತು. ರೋಗವು ಗುಣವಾಗುವುದರಲ್ಲಾಗಲಿ, ಸ್ಥಿರಗೊಳ್ಳುವುದರಲ್ಲಾಗಲಿ, ಆಯುಸ್ಸು ಹೆಚ್ಚುವುದರಲ್ಲಾಗಲಿ ಗಣನೀಯವಾದ ಪ್ರಯೋಜನವು ಕಂಡುಬರಲಿಲ್ಲ. ಕೆಲವು ರೋಗಿಗಳ ರಕ್ತದಲ್ಲಿ ಮಾತ್ರ ಸಯನೈಡಿನ ಮಟ್ಟವು ಮಾರಕ ಮಟ್ಟವನ್ನು ಸಮೀಪಿಸಿತ್ತು. ಕಾಕ್ರೇನ್ ಸಂಸ್ಥೆಯು ಲಭ್ಯವಿರುವ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2015ರಲ್ಲಿ ನವೀಕರಿಸಿದ ವಿಮರ್ಶೆಯೂ, ಪ್ರಯೋಜನವನ್ನು ಬೆಂಬಲಿಸುವ ವಿಶ್ವಾಸಾರ್ಹ ಸಾಕ್ಷ್ಯವಿಲ್ಲವೆಂದೂ ವಿಷಬಾಧೆಯ ಅಪಾಯವು ಗಣನೀಯವೆಂದೂ ತೀರ್ಮಾನಿಸಿತು.

ಆದರೂ ಕಹಿ ಒಳಬೀಜಗಳೂ ಅವುಗಳ ಸಾರವೂ ಮಾರಾಟವಾಗುತ್ತಲೇ ಇವೆ. ಆಸ್ಟ್ರೇಲಿಯಾದ 67 ವರ್ಷದ ವ್ಯಕ್ತಿಯೊಬ್ಬರು ಗುಣಮುಖವಾಗಿದ್ದ ಅರ್ಬುದವು ಮರುಕಳಿಸದಿರಲೆಂದು ಐದು ವರ್ಷಗಳ ಕಾಲ ಇಂತಹ ಸಾರವನ್ನೂ ಮಾತ್ರೆಗಳನ್ನೂ ಸೇವಿಸುತ್ತಿದ್ದುದು 2017ರಲ್ಲಿ ವರದಿಯಾಯಿತು. ಶಸ್ತ್ರಚಿಕಿತ್ಸೆಯೊಂದರ ಸಮಯದಲ್ಲಿ ಅವರ ರಕ್ತದ ಆಮ್ಲಜನಕದ ಮಟ್ಟವು ಕಡಿಮೆಯಾಗಿ ಕಂಡುದರಿಂದ ಈ ವಿಷಯವು ಹೊರಬಂದಿತು. ದಿನಕ್ಕೆ ಸುಮಾರು 17 ಮಿ.ಗ್ರಾಂ. ಸಯನೈಡು ಅವರ ದೇಹವನ್ನು ಸೇರುತ್ತಿದ್ದಿತು. ಕಹಿಯ ಎಚ್ಚರಿಕೆಯನ್ನು ಮಾತ್ರೆಯ ಹೊದಿಕೆಯು ಮರೆಮಾಡುತ್ತದೆ. ಕಹಿ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ನಂಬಿಕೆಯು ಆ ಎಚ್ಚರಿಕೆಯನ್ನು ತಿರುವುಮುರುವು ಮಾಡುತ್ತದೆ. ಇದರ ಜೊತೆಗೆ, ಫಲಕಾರಿಯಾದ ಚಿಕಿತ್ಸೆಯನ್ನು ಮುಂದೂಡುವುದರಿಂದ ಆಗುವ ಹಾನಿಯು ಸಯನೈಡಿನ ಲೆಕ್ಕದಲ್ಲಿ ಕಾಣದ, ಆದರೆ ಅಷ್ಟೇ ನಿಜವಾದ ಹಾನಿ.

ಚಿಕಿತ್ಸೆ ಮತ್ತು ನಿಯಂತ್ರಣ

ಕಹಿ ಒಳಬೀಜಗಳನ್ನು ತಿಂದವರಲ್ಲಿ ಮೇಲೆ ಹೇಳಿದ ಲಕ್ಷಣಗಳು ಕಂಡರೆ, ಅಥವಾ ಮಗುವು ಅವನ್ನು ಅಗಿದು ತಿಂದುದು ತಿಳಿದರೆ, ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಉಳಿದ ಬೀಜಗಳನ್ನೂ ಪೊಟ್ಟಣವನ್ನೂ ಜೊತೆಗೆ ಒಯ್ಯಬೇಕು. ಮನೆಮದ್ದಿಗೆ ಇಲ್ಲಿ ಸ್ಥಾನವಿಲ್ಲ. ಶುದ್ಧ ಆಮ್ಲಜನಕದ ಪೂರೈಕೆ ಮತ್ತು ಉಸಿರಾಟ, ರಕ್ತಪರಿಚಲನೆಗಳಿಗೆ ಆಸರೆ ನೀಡುವುದು ಚಿಕಿತ್ಸೆಯ ತಳಹದಿ. ಪ್ರತಿವಿಷಗಳಲ್ಲಿ ಎರಡು ಕ್ರಮಗಳು ಮುಖ್ಯವಾದವು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟುಗಳ ಜೋಡಿಯು 1930ರ ದಶಕದಿಂದ ಬಳಕೆಯಲ್ಲಿದೆ. ಮೊದಲನೆಯದು ಸಯನೈಡನ್ನು ಕಿಣ್ವದಿಂದ ಸೆಳೆದುಕೊಳ್ಳುವ ಸ್ಥಿತಿಯನ್ನು ರಕ್ತದಲ್ಲಿ ಉಂಟುಮಾಡಿದರೆ, ಎರಡನೆಯದು ರೊಡನೀಸಿಗೆ ಬೇಕಾದ ಗಂಧಕವನ್ನು ಒದಗಿಸುತ್ತದೆ. ಇನ್ನೊಂದು ಹೈಡ್ರಾಕ್ಸೊಕೊಬಾಲಮಿನ್, ಇದು ಸಯನೈಡನ್ನು ಹಿಡಿದು ಜೀವಸತ್ವ ಬಿ12 ಆಗಿ ಮಾರ್ಪಟ್ಟು ಮೂತ್ರದಲ್ಲಿ ಹೊರಹೋಗುತ್ತದೆ. ಅಮೆರಿಕದಲ್ಲಿ ಇದಕ್ಕೆ 2006ರಲ್ಲಿ ಮಾನ್ಯತೆ ದೊರೆಯಿತು. ನಿಜವಾದ ಜೀವಸತ್ವದ ಒಂದು ರೂಪವೇ ಹುಸಿ ಜೀವಸತ್ವದ ವಿಷಕ್ಕೆ ಮದ್ದಾಗಿದೆ.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳು 2015ರಲ್ಲಿ ಹಸಿ ಜರದಾಳು ಒಳಬೀಜಗಳ ಮಾರಾಟವನ್ನು ನಿಷೇಧಿಸಿದವು. ಯೂರೋಪಿನ ಒಕ್ಕೂಟವು 2017ರಲ್ಲಿ, ಬಳಕೆದಾರರಿಗೆ ಮಾರುವ ಇಂತಹ ಒಳಬೀಜಗಳಲ್ಲಿ ಪ್ರತಿ ಕಿಲೋಗ್ರಾಂಗೆ 20 ಮಿ.ಗ್ರಾಂ. ಮೀರದಂತೆ ಮಿತಿ ಹಾಕಿತು; 2022ರಲ್ಲಿ ಅಗಸೆ, ಬಾದಾಮಿ ಮತ್ತು ಮರಗೆಣಸುಗಳಿಗೂ ಮಿತಿಗಳನ್ನು ಗೊತ್ತುಪಡಿಸಿತು. ಭಾರತದ 2011ರ ಆಹಾರ ಸುರಕ್ಷತಾ ನಿಯಮಾವಳಿಯು ಸ್ವಾಭಾವಿಕವಾಗಿ ಇರುವ ಹೈಡ್ರೋಸಯನಿಕ್ ಆಮ್ಲಕ್ಕೆ ದಶಲಕ್ಷಕ್ಕೆ 5 ಭಾಗಗಳ ಮಿತಿಯನ್ನು ಹೇಳುತ್ತದೆ. ಅಂಚೆಯ ಮೂಲಕ ದೂರದೂರುಗಳಿಂದ ತರಿಸಿಕೊಳ್ಳುವ ಪೊಟ್ಟಣಗಳ ಕಾಲದಲ್ಲಿ ಮಿತಿಯನ್ನು ಹೇಳುವುದಕ್ಕಿಂತ ಅದರ ಪಾಲನೆಯನ್ನು ಪರಿಶೀಲಿಸುವುದು ಕಠಿಣವಾದ ಕಾರ್ಯ.

ಉಪಸಂಹಾರ

ಹಣ್ಣಿನ ಒಳಬೀಜವನ್ನು ಅಮೃತವೆಂದಾಗಲಿ ಹಾಲಾಹಲವೆಂದಾಗಲಿ ಕರೆಯುವುದು ಸರಿಯಲ್ಲ. ಅದು ಸಸ್ಯವು ತನ್ನ ಸಂತತಿಯ ರಕ್ಷಣೆಗಾಗಿ ರೂಪಿಸಿಕೊಂಡ ರಾಸಾಯನಿಕ ವ್ಯವಸ್ಥೆ. ಬೀಜವು ಇಡಿಯಾಗಿದೆಯೋ ಅರೆದಿದೆಯೋ, ಸಿಹಿಯೋ ಕಹಿಯೋ, ಸಂಸ್ಕರಿಸಿದುದೋ ಹಸಿಯೋ, ತಿನ್ನುವವರು ವಯಸ್ಕರೋ ಮಗುವೋ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಅಪಾಯವನ್ನು ನಿರ್ಧರಿಸುತ್ತದೆ. ಲಡಾಖಿನ ಎಣ್ಣೆ ಹಿಂಡುವವರು, ಉತ್ತರ ಕರ್ನಾಟಕದ ರೈತರು, ಅಗಸೆಯನ್ನು ಹುರಿಯುವ ಗೃಹಿಣಿಯರು ಈ ಪ್ರಶ್ನೆಗಳನ್ನು ತಮ್ಮದೇ ರೀತಿಯಲ್ಲಿ ಕೇಳಿಕೊಂಡು ಉತ್ತರಗಳನ್ನು ರೂಢಿಯಲ್ಲಿ ನೆಲೆಗೊಳಿಸಿದ್ದಾರೆ. ಇಂತಹ ರೂಢಿಗಳನ್ನು ಪ್ರದೇಶವಾರು ದಾಖಲಿಸುವುದು, ಅವುಗಳಲ್ಲಿ ವಿಷವು ಎಷ್ಟರಮಟ್ಟಿಗೆ ಕಳೆಯುತ್ತದೆಂಬುದನ್ನು ಪ್ರಯೋಗಾಲಯದಲ್ಲಿ ಅಳೆಯುವುದು, ವಿಷಬಾಧೆಯ ಪ್ರಕರಣಗಳನ್ನು ಬೀಜದ ಹೆಸರಿನೊಡನೆ ಖಚಿತವಾಗಿ ವರದಿ ಮಾಡುವುದು ಮುಂದಿನ ಅಧ್ಯಯನಕಾರರ ಮುಂದಿರುವ ಕಾರ್ಯಗಳು. ಅರ್ಬುದದ ಭೀತಿಯಲ್ಲಿರುವ ಕುಟುಂಬಗಳಿಗೆ ಕಹಿ ಒಳಬೀಜವು ಔಷಧಿಯಲ್ಲವೆಂಬ ಮಾತನ್ನು ಅವರ ಭಾಷೆಯಲ್ಲಿಯೇ, ಕಾರಣಸಹಿತವಾಗಿ ತಲುಪಿಸುವುದು ಇವೆಲ್ಲಕ್ಕಿಂತ ತುರ್ತಾದ ಕಾರ್ಯವಾಗಿದೆ.